ಹೂಮಳೆಗೆಂದು ಗುಡ್ಡ ಸುಡಬೇಡಿ

ಶಿವರಾತ್ರಿ ಕಳೆದು ಹತ್ತು ದಿನವಾಗಿತ್ತು. ಬಾಣೆಕೊಪ್ಪದ ಜನ ದಿನಕ್ಕೆ ನಾಲ್ಕು ಸಲ ಅಂಗಳಕ್ಕೆ ಬಂದು ಆಕಾಶ ನೋಡುತ್ತಿದ್ದರು. ಮೋಡದ ಸುಳಿವಿರಲಿಲ್ಲ. ಕಾಫಿ ಗಿಡಗಳಲ್ಲಿ ಮೊಗ್ಗು ಕಟ್ಟಿ ನಿಂತಿತ್ತು. ಆ ಹೊತ್ತಿಗೆ ಒಂದು ಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಅದಕ್ಕೇ ಅದು ಹೂಮಳೆ. ಅದು ಬಾರದಿದ್ದರೆ ಮೊಗ್ಗು ಗಿಡದಲ್ಲೇ ಸೀದು ಉದುರುತ್ತದೆ. ಆ ವರ್ಷದ ಫಸಲು ಅಲ್ಲಿಗೆ ಮುಗಿಯಿತು.

ಬಾಣೆಕೊಪ್ಪ ಕಳಸದಿಂದ ಎರಡು ಹರದಾರಿ ಮೇಲಿದೆ. ಆರು ಮನೆ. ಆರಕ್ಕೂ ಹುಲ್ಲಿನ ಮಾಡು. ಮನೆಗಳ ಹಿಂದೆ ಒಂದೊಂದು ತುಂಡು ಕಾಫಿ ತೋಟ, ಅದರ ಮೇಲೆ ಹುಲ್ಲುಗುಡ್ಡ. ಮುಂದೆ ಗದ್ದೆ, ಗದ್ದೆಯಾಚೆ ಹಳ್ಳ. ಹೂಮಳೆ ತಡವಾದ ವರ್ಷ ಗುಡ್ಡದ ಒಣಹುಲ್ಲಿಗೆ ಬೆಂಕಿ ಇಡುವುದು ಅಲ್ಲಿಯ ರೂಢಿ. ಹೊಗೆ ಮೇಲೇರಿ ಮೋಡವಾಗುತ್ತದೆ, ಆ ಮೋಡ ಮಳೆ ತರುತ್ತದೆ ಎಂದು ನಂಬಿಕೆ. ಬೆಂಕಿ ಇಡುವ ಹಕ್ಕು ಗುರುವಯ್ಯನ ಮನೆಯದು. ಅವನ ಅಜ್ಜ ಇಟ್ಟಿದ್ದ, ಅಪ್ಪ ಇಟ್ಟಿದ್ದ. ಈಗ ಅವನ ಕೈ.

ಆ ದಿನ ಬೆಳಿಗ್ಗೆ ಗುರುವಯ್ಯ ಜಗಲಿಯಲ್ಲಿ ಕುಳಿತು ಬೆಂಕಿ ಇಡುವುದಕ್ಕೆ ಒಣಹುಲ್ಲಿನ ಸೂಡಿ ಕಟ್ಟುತ್ತಿದ್ದ. ಒಳಗಿನ ಕೋಣೆಯಲ್ಲಿ ಅವನ ಒಬ್ಬಳೇ ಮಗಳು ಯಲ್ಲಮ್ಮ ಬಾಣಂತಿ. ಹೆಣ್ಣು ಮಗು ಹುಟ್ಟಿ ಏಳು ದಿನ. ಯಲ್ಲಮ್ಮನ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವಳನ್ನು ಸಾಕಿದ್ದೂ, ಈಗ ಬಾಣಂತನ ಮಾಡುತ್ತಿದ್ದುದೂ ಗುರುವಯ್ಯನ ತಾಯಿ ಬಸಮ್ಮಜ್ಜಿಯೇ.

ಪಕ್ಕದ ಮನೆಯ ಕೆಂಪಯ್ಯ ಬಂದು ಜಗಲಿಯ ತುದಿಯಲ್ಲಿ ಕುಳಿತ. ಅವನು ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ ಇಪ್ಪತ್ತು ವರ್ಷ ಮೇಸ್ತ್ರಿಯಾಗಿದ್ದವನು. ಹಿಂದಿನ ಬೇಸಿಗೆಯಲ್ಲಿ ಹೆಂಡತಿ ಹುಚ್ಚಮ್ಮ ತೀರಿಕೊಂಡ ಮೇಲೆ ಕೆಲಸ ಬಿಟ್ಟು ಮನೆಯಲ್ಲಿದ್ದ. ಬೆಳಿಗ್ಗೆ ಸ್ನಾನ, ಕಳಸೇಶ್ವರನ ಹೆಸರಿನಲ್ಲಿ ಒಂದು ದೀಪ, ಆಮೇಲೆ ಮಾತಿಲ್ಲ. ಅಂಥವನು ಅಂದು ತಾನಾಗಿ ಬಾಯಿ ತೆರೆದ.

“ಎಂತ ಗುರುವಯ್ಯ, ಸೂಡಿ ಕಟ್ತಿದ್ದೀಯ?”

“ಇನ್ನೆಂತ ಮಾಡೋದು ಮಾರಾಯ? ಮೊಗ್ಗು ನೋಡಿದ್ಯಾ? ಇವತ್ತು ಮಧ್ಯಾಹ್ನ ಗುಡ್ಡಕ್ಕೆ ಇಟ್ಬಿಡ್ತೀನಿ.”

“ಈ ವರ್ಷ ಬೇಡ.”

“ಬೇಡ ಅಂದ್ರೆ? ಮಳೆ ನೀನು ತರ್ತೀಯ?”

“ಮಳೆ ತರೋನು ಮೇಲಿದಾನೆ. ಅವನಿಗೆ ಹೊಗೆ ತೋರಿಸಿ ನೆನಪು ಮಾಡ್ಬೇಕಾ? ಒಳಗೆ ಬಾಣಂತಿ ಇದಾಳೆ. ಮಗು ಇದೆ. ಮಾಡಿಗೆ ಹುಲ್ಲು.”

ಗುರುವಯ್ಯ ನಕ್ಕ. “ಇಪ್ಪತ್ತು ವರ್ಷ ಮೇಸ್ತ್ರಿಯಾಗಿ ಇಷ್ಟೂ ಗೊತ್ತಿಲ್ವಾ? ಬೆಂಕಿ ಮೇಲಕ್ಕೆ ಹತ್ತುತ್ತೆ, ಕೆಳಗೆ ಇಳಿಯಲ್ಲ. ಗುಡ್ಡದ ಬುಡಕ್ಕೆ ಇಟ್ರೆ ತಲೆಗೆ ಹೋಗುತ್ತೆ. ನಾವು ಬುಡದಿಂದ ಇನ್ನೂ ಕೆಳಗಿದೀವಿ.”

ಕೆಂಪಯ್ಯ ವಾದ ಮಾಡಲಿಲ್ಲ. “ಸೂಡಿ ಇಟ್ಟು ನನ್ನ ಜೊತೆ ಒಂದು ಗಳಿಗೆ ಬಾ,” ಎಂದು ಎದ್ದ.

ಇಬ್ಬರೂ ತೋಟ ದಾಟಿ ಗುಡ್ಡದ ಏರು ಹತ್ತಿದರು. ಅಲ್ಲೊಂದು ಬಗನಿ ಮರದ ಮೋಟು ಬಿದ್ದಿತ್ತು. ಹಿಂದಿನ ವರ್ಷದ ಬೆಂಕಿಯಲ್ಲಿ ಅರ್ಧ ಸುಟ್ಟು ಒಣಗಿದ್ದು. ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡು ಕೆಂಪಯ್ಯ ಅದಕ್ಕೆ ಕಾಲು ಕೊಟ್ಟು ನೂಕಿದ. ಮೋಟು ಮೊದಲು ನಿಧಾನವಾಗಿ ಹೊರಳಿತು, ಆಮೇಲೆ ದಡದಡ ಉರುಳಿತು. ಬೇಲಿ ಮುರಿಯಿತು, ಎರಡು ಕಾಫಿ ಗಿಡ ಬಗ್ಗಿಸಿತು, ಹೋಗಿ ಹೋಗಿ ಗುರುವಯ್ಯನ ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ ದರಗಿನ ರಾಶಿಗೆ ಬಡಿದು ನಿಂತಿತು. ದರಗೆಂದರೆ ಕೊಟ್ಟಿಗೆಗೆ ಹಾಸುವ ಒಣ ಎಲೆ. ವರ್ಷಕ್ಕೆ ಬೇಕಾದಷ್ಟನ್ನು ಬೇಸಿಗೆಯಲ್ಲೇ ಗುಡಿಸಿ ಕೂಡಿಡುತ್ತಾರೆ. ರಾಶಿ ಮಾಡಿನ ಎತ್ತರಕ್ಕಿತ್ತು.

ಶಬ್ದ ಕೇಳಿ ಬಸಮ್ಮಜ್ಜಿ ಹೊರಗೆ ಓಡಿ ಬಂದಳು. “ಯಾವನೋ ಅದು ಮರ ಉರುಳಿಸಿದ್ದು? ಮನೆಯಲ್ಲಿ ಬಾಣಂತಿ, ಎಳೇ ಕೂಸು ಇದೆ ಅಂತ ಕಣ್ಣಿಲ್ವೇನೋ ನಿನಗೆ? ಬುದ್ಧಿ ಎಲ್ಲಿ ಅಡವಿಟ್ಟಿದ್ದೀಯೋ?”

ಕೆಂಪಯ್ಯ ಗುರುವಯ್ಯನ ಮುಖ ನೋಡಿದ. “ನಿನ್ನ ಅವ್ವ ಬೈದಿದ್ದು ಕೇಳಿಸ್ತಾ? ಇದು ಬರೀ ಮೋಟು. ಇದಕ್ಕೆ ಬೆಂಕಿ ಹತ್ತಿದ್ರೆ ಎಂತ ಬೈತಿದ್ರು?”

ಗುರುವಯ್ಯ ಮುರಿದ ಬೇಲಿಯನ್ನೂ ದರಗಿನ ರಾಶಿಯನ್ನೂ ನೋಡಿದ.

“ಬೆಂಕಿ ಮೇಲಕ್ಕೇ ಹತ್ತುತ್ತೆ, ಅದು ನಿಜ. ಆದ್ರೆ ಸುಡೋ ಮರ ಕೆಳಕ್ಕೆ ಬರುತ್ತೆ. ಗಾಳಿ ತಿರುಗಿದ್ರೆ ಕಿಡಿಯೂ ಬರುತ್ತೆ. ನೀನು ಬುಡಕ್ಕೆ ಇಟ್ರೂ ಅಷ್ಟೇ, ಆಚೆ ಮಗ್ಗುಲಲ್ಲಿ ಇನ್ಯಾರೋ ಇಟ್ರೂ ಅಷ್ಟೇ.”

ಇಬ್ಬರೂ ಅಲ್ಲೇ ಒಂದು ಬಂಡೆಯ ಮೇಲೆ ಕುಳಿತರು. ಗುರುವಯ್ಯನೇ ಮಾತು ತೆಗೆದ.

“ಹೋದ ವರ್ಷ ಹುಚ್ಚಮ್ಮಕ್ಕ ಹೋದ ದಿನ ಗುಡ್ಡಕ್ಕೆ ಬೆಂಕಿ ಇಟ್ಟೋನು ನಾನು, ಕೆಂಪಯ್ಯ.”

“ಗೊತ್ತು.”

“ಆಯುಷ್ಯ ಅಷ್ಟೇ ಇತ್ತು ಅಂತ ಎಲ್ಲರೂ ಅಂದ್ರು. ನಾನೂ ಅಂದೆ.”

“ನಾನೂ ಅಂದೆ ಮಾರಾಯ. ಒಂದು ವರ್ಷ ದೀಪದ ಮುಂದೆ ಕೂತು ಅದನ್ನೇ ಹೇಳಿದೆ. ದೇವರು ಒಂದು ದಿನವೂ ಹೌದು ಅನ್ನಲಿಲ್ಲ.”

ಅಂದು ನಡೆದದ್ದನ್ನು ಕೆಂಪಯ್ಯ ಮೊದಲ ಸಲ ಬಾಯಿಬಿಟ್ಟು ಹೇಳಿದ. ಹುಚ್ಚಮ್ಮ ನಡುಮಧ್ಯಾಹ್ನ ದರಗು ಗುಡಿಸಲು ಹೋಗಿದ್ದಳು. ಮೇಲೆ ಬಿಸಿಲು, ಪಕ್ಕದಲ್ಲಿ ಗುಡ್ಡ ಉರಿಯುವ ಝಳ. ಬೆಂಕಿ ಅವಳನ್ನು ಮುಟ್ಟಲಿಲ್ಲ. ಅವಳು ಕುಸಿದು ಕುಳಿತು ಏನೇನೋ ಬಡಬಡಿಸಿದಳು. ಮೈ ಕಾದ ಕಾವಲಿಯಂತಿತ್ತು, ಒಂದು ಹನಿ ಬೆವರಿರಲಿಲ್ಲ. ಗಾಳಿ ಸೋಕಿದೆ, ಯಾವುದೋ ಪೀಡೆ ಹಿಡಿದಿದೆ ಎಂದರು ಜನ. ಕೆಂಪಯ್ಯ ತೀರ್ಥ, ವಿಭೂತಿ ತರಲು ಓಡಿದ. ಬರುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವಳು ಬಿಸಿಲಿನಲ್ಲೇ ಮಲಗಿದ್ದಳು.

“ಆಮೇಲೆ ಎಸ್ಟೇಟಿನ ಕಂಪೌಂಡರು ಹೇಳಿದ್ರು. ಅದು ಗಾಳಿಯಲ್ಲ, ತಾಪ ತಲೆಗೇರಿದ್ದು ಅಂತ. ಎತ್ತಿ ನೆರಳಿಗೆ ಹಾಕಿ, ಸೀರೆ ಪೂರಾ ತೊಯ್ಯೋ ಹಾಗೆ ನೀರು ಹೊಯ್ದು, ಗಾಳಿ ಬೀಸಿದ್ರೆ ಉಳೀತಿದ್ಳೋ ಏನೋ ಅಂದ್ರು. ಹಳ್ಳ ಅಲ್ಲೇ ಇತ್ತು ಗುರುವಯ್ಯ. ಬೆಂಕಿ ಇಟ್ಟೋನು ನೀನು. ನೀರು ಬಿಟ್ಟು ತೀರ್ಥಕ್ಕೆ ಓಡಿದೋನು ನಾನು. ಇಬ್ಬರೂ ಸೇರಿ ದೇವರ ಮೇಲೆ ಹಾಕಿದ್ವಿ.”

ಗುರುವಯ್ಯ ಹೆಗಲ ಮೇಲಿನ ಪಂಚೆಯಿಂದ ಮುಖ ಒರೆಸಿಕೊಂಡ. “ಸುಡಲ್ಲ ಮಾರಾಯ,” ಎಂದ. “ಆದ್ರೆ ಮಳೆ ಬಾರದಿದ್ರೆ ಊರು ನನ್ನ ಮೇಲೆ ಹಾಕುತ್ತೆ. ಸುಬ್ಬಣ್ಣನ ಬಾಯಿ ನಿನಗೆ ಗೊತ್ತಲ್ಲ.”

ಗೊತ್ತಿತ್ತು. ಅವರು ಕೆಳಗಿಳಿದು ಬರುವಾಗಲೇ ಕೆಳಗಿನ ಮನೆಯ ಸುಬ್ಬಣ್ಣ ಅಂಗಳದಲ್ಲಿ ನಿಂತಿದ್ದ. ಅವನ ಜೊತೆ ಅಹಮದ್ ಸಾಬರೂ ಇದ್ದರು. ಅವರು ಗೋಣಿಬೀಡಿನ ವ್ಯಾಪಾರಿ; ತಟ್ಟು ಕುದುರೆಗಳ ಮೇಲೆ ಉಪ್ಪು, ಬಟ್ಟೆ ಹೇರಿಕೊಂಡು ಊರೂರು ತಿರುಗುವವರು.

“ಎಂತ ಗುರುವಯ್ಯ,” ಎಂದ ಸುಬ್ಬಣ್ಣ, “ಸೂಡಿ ಜಗಲಿ ಮೇಲೇ ಇದೆ? ಅಜ್ಜನ ಕಾಲದ ಕೈಗೆ ಈಗ ನಡುಕ ಬಂತಾ?”

“ನಾನು ಈ ವರ್ಷ ಸುಡಲ್ಲ.”

“ಹಾಗಾದ್ರೆ ಮಳೆಗೆ ಕಾಗದ ಬರೀತೀಯ?”

ಅಹಮದ್ ಸಾಬರು ನಕ್ಕರು. “ಸುಬ್ಬಣ್ಣನೋರೆ, ನಾನು ಬಾಬಾಬುಡನ್‌ಗಿರಿ ಕಡೆಯಿಂದ ಬರ್ತಿದೀನಿ. ಅಲ್ಲೊಂದು ಊರಿಗೆ ಹೋದ ವಾರ ಚೆನ್ನಾಗಿ ಮಳೆ ಹೊಡೀತು. ಒಂದು ಗುಡ್ಡವನ್ನೂ ಯಾರೂ ಸುಟ್ಟಿರ್ಲಿಲ್ಲ. ನಮ್ಮೂರ ಹಿಂದೆ ಎರಡು ಗುಡ್ಡ ಸುಟ್ಟು ಬೂದಿ ಮಾಡಿದ್ರು. ಒಂದು ಹನಿ ಬಿದ್ದಿಲ್ಲ. ನನ್ನ ತಟ್ಟುಗಳು ಬೂದಿ ಕುಡಿದು ಕೆಮ್ತಿದಾವೆ, ನೋಡಿ.”

“ಅದು ಅವರ ಹಣೆಬರಹ,” ಎಂದ ಸುಬ್ಬಣ್ಣ.

“ಇರಬಹುದು. ಆದ್ರೆ ಹೊಗೆಗೆ ಮಳೆ ಬರೋದಾದ್ರೆ ನನ್ನ ಬೀಡಿಗೇ ಒಂದು ತುಂತುರು ಬರಬೇಕಿತ್ತು!”

ಸುಬ್ಬಣ್ಣನಿಗೂ ನಗು ಬಂತು. ಆದರೆ ಒಪ್ಪಲಿಲ್ಲ, ಗೊಣಗುತ್ತ ಹೋದ.

ಅಷ್ಟರಲ್ಲಿ ಸೂಲಗಿತ್ತಿ ಶಿವಗಂಗಮ್ಮ ಬಾಣಂತಿ ಕೋಣೆಯಿಂದ ಹೊರಬಂದಳು. ಮುಖ ಕೆಂಪಾಗಿತ್ತು. “ಗುರುವಯ್ಯ, ನಿಮ್ಮ ಗುಡ್ಡದ ಪಂಚಾಯ್ತಿ ಆಮೇಲೆ. ಮೊದಲು ಒಳಗಿನ ಬೆಂಕಿ ನೋಡು. ಕಿಟಕಿ ಮುಚ್ಚಿ, ಅಗ್ಗಿಷ್ಟಿಕೆ ಇಟ್ಟು, ಹುಡುಗೀನ ಹುರೀತಿದಾಳೆ ನಿನ್ನ ಅವ್ವ. ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕೊಟ್ಟಿಲ್ಲ. ತುಟಿ ಒಡೆದಿದೆ. ಮಗುವಿಗೆ ಹಾಲು ಸಾಲ್ತಿಲ್ಲ.”

“ಬಾಣಂತಿಗೆ ನೀರು ಕೊಟ್ರೆ ಮೈ ನೀರೇರಿ ಊದುತ್ತೆ ಕಣೇ,” ಎಂದಳು ಬಸಮ್ಮಜ್ಜಿ. “ನಾನು ಆರು ಹೆತ್ತೆ. ಹತ್ತು ದಿನ ನೀರು ಮುಟ್ಟಲಿಲ್ಲ.”

“ಯಾವ ಮಾಸದಲ್ಲಿ ಹೆತ್ರಿ ಅತ್ತೆ?”

“ಮಳೆಗಾಲದಲ್ಲಿ.”

“ಆಗ ಗೋಡೆಗೂ ಬೆವರು. ಈಗ ನೋಡಿ, ನಿಮ್ಮ ಬಾಯಿಯೇ ಒಣಗ್ತಿದೆ. ಮಾತಿನ ಮಧ್ಯೆ ನೀವೇ ಎರಡು ಸಲ ಚೆಂಬಿಗೆ ಕೈ ಹಾಕಿದ್ರಿ. ನೀರು ತಣ್ಣಗಿರೋದು ಬೇಡ ಅಂದ್ರೆ ಬೇಡ. ಚೆನ್ನಾಗಿ ಕುದಿಸಿ, ಜೀರಿಗೆ ಹಾಕಿ, ಆರಿಸಿ ಕೊಡಿ. ಗಳಿಗೆಗೊಂದು ಸಲ ಸ್ವಲ್ಪ ಸ್ವಲ್ಪ. ಮಗುವಿಗೆ ನೀರು ಬೇಡ. ತಾಯಿ ಕುಡಿದ್ರೆ ಅದೇ ಹಾಲಾಗಿ ಮಗುವಿಗೆ ಹೋಗುತ್ತೆ.”

ಬಸಮ್ಮಜ್ಜಿ ಕೈಯಲ್ಲಿದ್ದ ಚೆಂಬನ್ನು ನೋಡಿಕೊಂಡಳು. ಒಳಗೆ ಹೋಗಿ ನೀರು ಕಾಯಿಸಲಿಟ್ಟಳು. ಅಗ್ಗಿಷ್ಟಿಕೆ ಹೊರಗೆ ಬಂತು. ಕಿಟಕಿ ತೆರೆಯಿತು, ಅದಕ್ಕೊಂದು ಒದ್ದೆ ಬಟ್ಟೆ ಕಟ್ಟಿದರು. ಸಂಜೆಗೆ ಮಗು ಹೊಟ್ಟೆ ತುಂಬಿ ನಿದ್ರೆ ಮಾಡಿತು.

ಮರುದಿನ ಕೆಂಪಯ್ಯ ಕೆಲಸ ಹಚ್ಚಿದ. “ಎಸ್ಟೇಟಿನಲ್ಲಿ ಪ್ರತಿ ವರ್ಷ ಬೆಂಕಿ ಲೈನು ತೆಗೀತೀವಿ. ಉರಿಯೋದಕ್ಕೆ ಎಂತದೂ ಇಲ್ಲದ ಒಂದು ಪಟ್ಟಿ ನೆಲ, ಅಷ್ಟೇ. ದರಗು ಹೇಗೂ ಗುಡಿಸ್ತೀರಿ. ಅನುಕೂಲವಾದಲ್ಲಿ ಗುಡಿಸೋ ಬದಲು ಗುಡ್ಡಕ್ಕೂ ತೋಟಕ್ಕೂ ಮಧ್ಯದಲ್ಲಿ ಗುಡಿಸಿ. ಕೊಟ್ಟಿಗೆಗೆ ದರಗೂ ಆಯ್ತು, ಊರಿಗೆ ಲೈನೂ ಆಯ್ತು.”

ಹೆಂಗಸರಿಗೆ ಈ ಮಾತು ಕೂಡಲೇ ಹಿಡಿಸಿತು. ಹೊಸ ಕೆಲಸವೇನಲ್ಲ, ಜಾಗ ಮಾತ್ರ ಹೊಸದು. ಬೆಳಕು ಹರಿಯುತ್ತಲೇ ಹೋಗಿ, ಬಿಸಿಲು ಬಲಿಯುವ ಮೊದಲೇ ಮನೆಗೆ ಬರುವುದೆಂದು ಗೊತ್ತುಮಾಡಿಕೊಂಡರು. ಒಬ್ಬರೇ ಹೋಗುವಂತಿಲ್ಲ. ಉಪ್ಪು ಹಾಕಿದ ನೀರು ಮಜ್ಜಿಗೆಯ ಒಂದು ಗಡಿಗೆ ಜೊತೆಗೇ ಹೋಗಬೇಕು. ನಾಲ್ಕು ದಿನದಲ್ಲಿ ಐದು ಮಾರು ಅಗಲದ ಪಟ್ಟಿ ಮಣ್ಣು ಕಾಣುವಂತೆ ಚೊಕ್ಕಟವಾಯಿತು. ಗಂಡಸರು ಹುಲ್ಲು ಕೊಯ್ದರು. ಪಟ್ಟಿಯ ಕೆಳಬದಿಗೆ ಉದ್ದಕ್ಕೂ ಮೊಣಕಾಲಾಳದ ಅಗಳು ತೋಡಿದರು, ಉರುಳಿ ಬರುವ ಮರ ಅದರಲ್ಲಿ ಬೀಳಲೆಂದು. ಕೊಟ್ಟಿಗೆಗೆ ಒರಗಿದ್ದ ದರಗಿನ ರಾಶಿಗಳನ್ನೆಲ್ಲ ಗದ್ದೆಯ ಬದಿಗೆ ಸಾಗಿಸಿದರು. ಸುಬ್ಬಣ್ಣ ಮಾತ್ರ ತನ್ನ ಹುಲ್ಲಿನ ಬಣವೆಯನ್ನು ತೋಟದ ತಲೆಯಲ್ಲೇ ಬಿಟ್ಟ. “ನಾಳೆ ನೋಡೋಣ,” ಎಂದ. ಆದರೂ ಅಗಳು ತೋಡುವುದಕ್ಕೆ ಬಂದ. ಒಬ್ಬನೇ ಮನೆಯಲ್ಲಿ ಕೂರಲು ಅವನಿಗೆ ಬೇಜಾರು.

“ಇನ್ನೊಂದು ಕೆಲಸ,” ಎಂದ ಕೆಂಪಯ್ಯ. “ಬೆಂಕಿ ಕಂಡ್ರೆ ನಾನು ಜಾಗಟೆ ಹೊಡೀತೀನಿ. ಆಗ ಯಾರು ಯಾರನ್ನ ಕರ್ಕೊಂಡು ಹೋಗ್ಬೇಕು, ಈಗಲೇ ಹೇಳಿ. ಗುಡ್ಡದ ಕಡೆ ಯಾರೂ ಓಡ್ಬೇಡಿ. ಗದ್ದೆ ದಾಟಿ ಹಳ್ಳಕ್ಕೆ. ದನದ ಹಗ್ಗ ಬಿಚ್ಚಿ ಬಿಡಿ, ಅವು ದಾರಿ ಹುಡುಕ್ತಾವೆ. ಮೂಗಿಗೆ ಒದ್ದೆ ಬಟ್ಟೆ. ಪಾತ್ರೆ ಪಡಗ ಅಂತ ವಾಪಸ್ ಹೋಗೋ ಹಾಗಿಲ್ಲ.”

ಯಲ್ಲಮ್ಮನನ್ನು ಕಂಬಳಿಯಲ್ಲಿ ಹೊರಬೇಕೆಂದಾಯಿತು. ಎರಡು ಬಿದಿರು ಗಳಕ್ಕೆ ಕಂಬಳಿ ಕಟ್ಟಿದರು. ಹೊರಲು ಆಗುತ್ತದೋ ಎಂದು ನೋಡಲು ಬಸಮ್ಮಜ್ಜಿಯನ್ನೇ ಕೂರಿಸಿದರು. ಗುರುವಯ್ಯ ಒಂದು ಕಡೆ, ಸುಬ್ಬಣ್ಣ ಒಂದು ಕಡೆ.

“ಮೆಲ್ಲಗೆ ಕಣೋ! ನಾನಿನ್ನೂ ಸತ್ತಿಲ್ಲ!” ಎಂದು ಅಜ್ಜಿ ಕೂಗಿದಳು.

“ಸತ್ತೋರು ಇಷ್ಟು ಭಾರ ಇರಲ್ಲ ಅಜ್ಜಿ,” ಎಂದ ಸುಬ್ಬಣ್ಣ. ಅಂಗಳವೆಲ್ಲ ನಕ್ಕಿತು. ಕೆಂಪಯ್ಯನೂ ನಕ್ಕ. ಒಂದು ವರ್ಷದಿಂದ ಅವನು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

ಕೆಲಸ ಮುಗಿದ ಮೂರನೆಯ ದಿನ ನಡುಹಗಲಿಗೆ ಜಾಗಟೆ ಕೇಳಿಸಿತು.

ಗುಡ್ಡದ ಆಚೆ ಮಗ್ಗುಲಲ್ಲಿ ಯಾರು ಕಿಡಿ ಹಾಕಿದರೋ ಇಂದಿಗೂ ತಿಳಿಯದು. ಬೆಂಕಿ ಆಚೆ ಏರನ್ನು ಹತ್ತಿ ತಲೆಗೆ ಬಂದಿತ್ತು. ಗಾಳಿ ಈಚೆಗೆ ತಿರುಗಿತ್ತು. ಒಣಹುಲ್ಲು ಚಟಚಟನೆ ಸಿಡಿಯುವ ಸದ್ದು ಮನೆಯೊಳಗೂ ಕೇಳುತ್ತಿತ್ತು. ಹೊಗೆಯಿಂದ ಬಿಸಿಲೇ ಕೆಂಪಾಯಿತು.

ಗುರುವಯ್ಯನೂ ಸುಬ್ಬಣ್ಣನೂ ಕಂಬಳಿ ಹಿಡಿದು ಕೋಣೆಯ ಬಾಗಿಲಿಗೆ ಬಂದರು. ಯಲ್ಲಮ್ಮ ಮಗುವನ್ನು ಎದೆಗೆ ಅವಚಿಕೊಂಡು ಕಂಬಳಿಯ ಮೇಲೆ ಕುಳಿತಳು. ಆಗ ಹೊಸಿಲಿನ ಮೇಲೆ ಬಸಮ್ಮಜ್ಜಿ ನಿಂತಿದ್ದಳು. ತಿಂಗಳು ತುಂಬದ ಬಾಣಂತಿ ಹೊಸಿಲು ದಾಟಬಾರದು. ಅಜ್ಜಿ ತನ್ನ ಜನ್ಮದಲ್ಲಿ ಅದನ್ನು ಮೀರಿದವಳಲ್ಲ. ಗುರುವಯ್ಯ ಗಳ ಹಿಡಿದುಕೊಂಡೇ ಅವಳ ಮುಖ ನೋಡಿದ.

“ಎಂತ ನೋಡ್ತಿದ್ದೀಯ?” ಎಂದಳು ಅಜ್ಜಿ. “ನಿನ್ನ ಕಾಲಿಗೆ ಅಡ್ಡ ಸಿಗದಿರಲಿ ಅಂತ ಬಾಗಿಲು ಹಿಡ್ಕೊಂಡಿದೀನಿ. ಹೊರು, ಹೊರು! ಮಗು ಇಲ್ಲಿ ಕೊಡೇ, ನಾನು ಎತ್ಕೊತೀನಿ. ದೇವರ ಹತ್ರ ತಪ್ಪು ಕೇಳೋದು ನನಗಿರಲಿ.”

ಶಿವಗಂಗಮ್ಮ ಕುದಿಸಿ ಆರಿಸಿದ ನೀರಿನ ತಂಬಿಗೆ ಹಿಡಿದು ಹಿಂದೆ ಓಡಿದಳು. ಹಗ್ಗ ಬಿಚ್ಚಿದ ದನಗಳು ಮೊದಲೇ ಹಳ್ಳ ಸೇರಿದ್ದವು.

ಮೇಲೆ ಕೆಂಪಯ್ಯನೂ ಉಳಿದ ಮನೆಗಳ ನಾಲ್ವರೂ ಹಸಿ ಸೊಪ್ಪಿನ ಕೊಂಬೆ ಹಿಡಿದು ಲೈನಿನ ಈಚೆಗೆ ನಿಂತಿದ್ದರು. ಬೆಂಕಿ ಏರಿನಲ್ಲಿ ಮೆಲ್ಲಗೆ ಇಳಿದು ಬಂದು ಬರಿ ಮಣ್ಣಿನ ಅಂಚಿಗೆ ಬಂತು. ಮುಂದೆ ತಿನ್ನಲು ಏನೂ ಇರಲಿಲ್ಲ. ಉರಿಯುವ ಒಂದು ಮರ ಉರುಳಿ ಬಂದು ಅಗಳಿಗೆ ಬಿತ್ತು. ಮೇಲೆ ಮಣ್ಣು ಎಳೆದರು. ದಾಟಿ ಬಂದ ಕಿಡಿಗಳನ್ನು ಬಡಿದು ಆರಿಸಿದರು. ಒಂದು ಕಿಡಿ ಮಾತ್ರ ಸುಬ್ಬಣ್ಣನ ಬಣವೆಗೆ ಬಿತ್ತು. ಬಣವೆ ಹೋಯಿತು, ಅದರ ಸುತ್ತಲಿನ ಹನ್ನೊಂದು ಕಾಫಿ ಗಿಡ ಬಾಡಿದವು. ಮನೆಗಳಿಗೆ ಏನೂ ಆಗಲಿಲ್ಲ.

ಒಬ್ಬನಿಗೆ ಝಳಕ್ಕೆ ಕಣ್ಣು ಕತ್ತಲೆ ಬಂದು ಮಾತು ತೊದಲಿತು. ಅವನಿಗೆ ಗಾಳಿ ಸೋಕಿತೆಂದು ಯಾರೂ ಹೇಳಲಿಲ್ಲ. ಕೆಂಪಯ್ಯ ಅವನನ್ನು ಬೆನ್ನ ಮೇಲೆ ಹೊತ್ತು ತಂದು, ಹಳ್ಳದ ದಂಡೆಯ ನೆರಳಲ್ಲಿ ಮಲಗಿಸಿ, ನೀರೆರೆದು, ಕಂಬಳಿಯ ತುದಿಯಿಂದ ಗಾಳಿ ಬೀಸಿದ. ಪೂರ್ತಿ ಎಚ್ಚರವಾದ ಮೇಲೆಯೇ ಕುಡಿಯಲು ಕೊಟ್ಟ. ಅರ್ಧ ಗಂಟೆಯಲ್ಲಿ ಅವನು ಎದ್ದು ಕುಳಿತು, “ಎಲ್ಲರೂ ಬಂದ್ರಾ?” ಎಂದು ಕೇಳಿದ.

ಗುರುವಯ್ಯ ಎಣಿಸಿದ. ಆರು ಮನೆಯ ಇಪ್ಪತ್ತೇಳು ಜನ. ಮಗುವನ್ನು ಬಿಟ್ಟು ಎಣಿಸಿದ್ದೆನೆಂದು ನೆನಪಾಗಿ, “ಇಪ್ಪತ್ತೆಂಟು,” ಎಂದ. ಕೆಂಪಯ್ಯ ಬೂದಿ ಮೆತ್ತಿದ ಕೈಗಳನ್ನು ಹಳ್ಳದಲ್ಲಿ ತೊಳೆದು, ಬಸಮ್ಮಜ್ಜಿಯ ತೊಡೆಯ ಮೇಲಿದ್ದ ಕೂಸಿನ ಪಾದವನ್ನು ಒಂದು ಬೆರಳಿನಿಂದ ಮುಟ್ಟಿದ. ಬಾಯಲ್ಲಿ ಏನೋ ಹೇಳಿಕೊಂಡ. ಅದು ಅವನಿಗೂ ದೇವರಿಗೂ ಬಿಟ್ಟದ್ದು.

ಇದನ್ನು ಓದುವ, ಓದಿಸಿ ಕೇಳುವ ಅಣ್ಣಂದಿರೇ, ಅಕ್ಕಂದಿರೇ. ಈ ಬೇಸಿಗೆಯಲ್ಲಿ ನಿಮ್ಮ ಗುಡ್ಡವೂ ಒಣಗಿ ನಿಂತಿದೆ. ಮಳೆಗೆಂದೂ ಹೊಸ ಹುಲ್ಲಿಗೆಂದೂ ಅದಕ್ಕೆ ಬೆಂಕಿ ಇಡಬೇಡಿ. ದರಗನ್ನು ಗುಡ್ಡದ ಅಂಚಿನಿಂದ ಗುಡಿಸಿ, ಮನೆಯಿಂದ ದೂರ ಇಡಿ. ನಡುಹಗಲಿನಲ್ಲಿ ಯಾರನ್ನೂ ಬಿಸಿಲಿಗೆ ಕಳಿಸಬೇಡಿ. ಬಾಣಂತಿಗೂ, ಮುದುಕರಿಗೂ ಕೇಳುವ ಮೊದಲೇ ನೀರು ಕೊಡಿ. ಬಿಸಿಲಿನಲ್ಲಿ ಯಾರಾದರೂ ಬಡಬಡಿಸಿದರೆ ಮೊದಲು ನೆರಳು, ಮೊದಲು ಮೈಗೆ ನೀರು. ತೀರ್ಥ ಆಮೇಲೆ ಬರಲಿ, ದೇವರು ಕಾಯುತ್ತಾನೆ, ತಾಪ ಕಾಯುವುದಿಲ್ಲ.

ಇಷ್ಟೂ ನೆನಪಿನಲ್ಲಿ ಉಳಿಯದಿದ್ದರೆ ಒಂದನ್ನಾದರೂ ಮಾಡಿ. ಇವತ್ತು ಊಟಕ್ಕೆ ಎಲ್ಲರೂ ಕುಳಿತಾಗ ಒಮ್ಮೆ ಸುತ್ತ ನೋಡಿ. ನಿಮ್ಮ ಮನೆಯಲ್ಲಿ ಓಡಲಾರದವರು ಯಾರು? ಅವರನ್ನು ಎತ್ತಿಕೊಳ್ಳುವವರು ಯಾರು? ಏಳುವ ಮೊದಲು ಆ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿಬಿಡಿ.